ಕಾಂಟ್ರಾಸ್ಟ್ ಔಷಧದ ಅಲರ್ಜಿ: ರೋಗಿಯೊಡನೆ ಸ್ಕ್ಯಾನಿಂಗ್‌ಗೆ ಹೋಗುವ ಸದಸ್ಯರು ತಿಳಿದಿರಬೇಕಾದ ಸಂಗತಿಗಳು



ಗ್ರಾಮದಲ್ಲಿ ಯಾರಿಗಾದರೂ ಕಾಯಿಲೆ ಉಲ್ಬಣಿಸಿ ಜಿಲ್ಲಾ ಆಸ್ಪತ್ರೆಗೆ ಹೋಗಬೇಕಾದಾಗ ಅವರ ಮನೆಯವರು ಮೊದಲು ನೆನೆಯುವುದು ತಮ್ಮ ವಾರ್ಡಿನ ಸದಸ್ಯರನ್ನು. ವಾಹನ ಗೊತ್ತುಮಾಡುವುದು, ಆಯುಷ್ಮಾನ್ ಕಾರ್ಡು ಹುಡುಕಿಸುವುದು, ಆಸ್ಪತ್ರೆಯಲ್ಲಿ ಅರ್ಜಿ ತುಂಬುವುದು, ಇವೆಲ್ಲವೂ ಕಾಯ್ದೆಯಲ್ಲಿ ಬರೆದಿರದಿದ್ದರೂ ಸದಸ್ಯರ ಪಾಲಿಗೆ ಬಂದಿರುವ ಕರ್ತವ್ಯಗಳಾಗಿವೆ. ಹೀಗೆ ತುಂಬುವ ಅರ್ಜಿಗಳಲ್ಲಿ ಒಂದರ ಬಗ್ಗೆ ಈ ಲೇಖನ. ಸಿ.ಟಿ. ಅಥವಾ ಎಂ.ಆರ್.ಐ. ಸ್ಕ್ಯಾನಿಂಗ್‌ಗೆ ಮುನ್ನ ನೀಡುವ ಒಪ್ಪಿಗೆ ಪತ್ರದಲ್ಲಿ ‘ಈ ಹಿಂದೆ ಕಾಂಟ್ರಾಸ್ಟ್ ಔಷಧದಿಂದ ಅಲರ್ಜಿ ಆಗಿತ್ತೇ?’ ಎಂಬ ಒಂದು ಪ್ರಶ್ನೆ ಇರುತ್ತದೆ. ಆ ಪ್ರಶ್ನೆಗೆ ನಾನು ಒಮ್ಮೆ ತಪ್ಪು ಉತ್ತರ ಬರೆದಿದ್ದೇನೆ. ಆದ ಕಾರಣ ಇದನ್ನು ಬರೆಯುವ ಹೊಣೆ ನನ್ನದೆಂದು ಭಾವಿಸಿದ್ದೇನೆ.

ನನ್ನ ತಾಯಿಯವರಿಗೆ ಕೆಲವು ವರ್ಷಗಳ ಹಿಂದೆ ಹೊಟ್ಟೆನೋವಿನ ಕಾರಣ ಸಿ.ಟಿ. ಸ್ಕ್ಯಾನ್ ಮಾಡಿಸಲಾಗಿತ್ತು. ಔಷಧ ನೀಡಿದ ಸ್ವಲ್ಪ ಹೊತ್ತಿನಲ್ಲಿ ಕುತ್ತಿಗೆ ಹಾಗೂ ತೋಳುಗಳ ಮೇಲೆ ದದ್ದು ಎದ್ದು ತುರಿಕೆಯಾಯಿತು. ಅಲ್ಲಿಯೇ ಒಂದು ಇಂಜೆಕ್ಷನ್ ಕೊಟ್ಟರು, ಒಂದು ಗಂಟೆಯಲ್ಲಿ ಕಡಿಮೆಯಾಯಿತು. ಬಿಡುಗಡೆ ಚೀಟಿಯಲ್ಲಿ ಅದನ್ನು ಬರೆದೂ ಕೊಟ್ಟಿದ್ದರು. ಆ ಚೀಟಿ ಮನೆಯ ಟ್ರಂಕಿನಲ್ಲಿ ಉಳಿಯಿತು. ಎರಡನೆಯ ಸಲ ಬೇರೊಂದು ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿಸಬೇಕಾಗಿ ಬಂದಾಗ ಅರ್ಜಿ ತುಂಬುತ್ತಿದ್ದವನು ನಾನು. ತಾಯಿಯವರು, ‘ಅದೆಲ್ಲ ಹೇಳಬೇಡಪ್ಪ, ಹೇಳಿದರೆ ಇವತ್ತು ಆಗುವುದಿಲ್ಲ ಎಂದು ವಾಪಸು ಕಳುಹಿಸುತ್ತಾರೆ, ಇನ್ನೊಂದು ದಿನ ಯಾರು ಬರುತ್ತಾರೆ’ ಎಂದರು. ಅಂದು ನಾನು ರಜೆ ಹಾಕಿ ಬಂದಿದ್ದೆ. ಬರೀ ತುರಿಕೆ ತಾನೇ ಎಂದುಕೊಂಡು ‘ಇಲ್ಲ’ ಎಂಬಲ್ಲಿ ಗುರುತು ಹಾಕಿದೆ.

ಔಷಧ ದೇಹಕ್ಕೆ ಸೇರಿದ ಎರಡು ಮೂರು ನಿಮಿಷಗಳಲ್ಲಿ ಅವರಿಗೆ ಕೆಮ್ಮು ಬಂತು, ಧ್ವನಿ ಒಡೆಯಿತು, ರಕ್ತದೊತ್ತಡ ಕುಸಿಯಿತು. ಸಿಬ್ಬಂದಿಯವರು ಕೂಡಲೇ ತೊಡೆಗೆ ಅಡ್ರಿನಲಿನ್ ಚುಚ್ಚುಮದ್ದು ನೀಡಿ, ಆಮ್ಲಜನಕ ಹಾಕಿ, ಕಾಲುಗಳನ್ನು ಎತ್ತರಿಸಿ ಮಲಗಿಸಿದರು. ಒಂದು ರಾತ್ರಿ ತೀವ್ರ ನಿಗಾ ಘಟಕದಲ್ಲಿದ್ದು ಮೂರನೆಯ ದಿನ ಮನೆಗೆ ಬಂದರು. ಅವರನ್ನು ಉಳಿಸಿದ್ದು ಆ ಸಿಬ್ಬಂದಿಯ ಸಿದ್ಧತೆ. ಅವರನ್ನು ಅಪಾಯಕ್ಕೆ ದೂಡಿದ್ದು ನನ್ನ ಲೇಖನಿಯ ಒಂದು ಗುರುತು.

ಕಾಂಟ್ರಾಸ್ಟ್ ಔಷಧ ಎಂದರೇನು?

ನೆಲದಡಿಯ ನೀರಿನ ಕೊಳವೆ ಎಲ್ಲಿ ಸೋರುತ್ತಿದೆ ಎಂಬುದು ಮೇಲಿನಿಂದ ನೋಡಿದರೆ ತಿಳಿಯುವುದಿಲ್ಲ. ಬಣ್ಣ ಬೆರೆಸಿದ ನೀರನ್ನು ಹರಿಯಬಿಟ್ಟರೆ ಸೋರಿಕೆಯ ಜಾಗ ತಾನೇ ಗೋಚರಿಸುತ್ತದೆ. ಕಾಂಟ್ರಾಸ್ಟ್ ಔಷಧದ ಕೆಲಸ ಹೆಚ್ಚು ಕಡಿಮೆ ಇದೇ ಆಗಿದೆ. ಎಕ್ಸ್-ರೇ ಕಿರಣಗಳನ್ನು ಮೂಳೆಯು ಹೆಚ್ಚಾಗಿ ತಡೆಯುವುದರಿಂದ ಅದು ಚಿತ್ರದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ರಕ್ತನಾಳ, ಯಕೃತ್ತು, ಮೂತ್ರಪಿಂಡ, ಗಡ್ಡೆ ಇವೆಲ್ಲ ಬಹುಮಟ್ಟಿಗೆ ಒಂದೇ ಬಗೆಯಾಗಿ ಕಿರಣಗಳನ್ನು ಹಾಯಗೊಡುವುದರಿಂದ ಒಂದರಿಂದ ಒಂದನ್ನು ಬೇರ್ಪಡಿಸುವುದು ಕಷ್ಟ. ಅಯೋಡಿನ್ ಭಾರವಾದ ಮೂಲವಸ್ತು. ಅದರ ಪರಮಾಣು ಸಂಖ್ಯೆ 53. ಅಯೋಡಿನ್ ಸೇರಿಸಿ ತಯಾರಿಸಿದ ದ್ರವವನ್ನು ರಕ್ತನಾಳದ ಮೂಲಕ ನೀಡಿದಾಗ ಅದು ಹರಿದ ಕಡೆಯೆಲ್ಲ ಕಿರಣಗಳು ತಡೆಯಲ್ಪಟ್ಟು ಆ ಭಾಗ ಬೆಳ್ಳಗೆ ಕಾಣಿಸುತ್ತದೆ. ರಕ್ತ ಎಲ್ಲಿ ನಿಂತಿದೆ, ಎಲ್ಲಿ ಸೋರಿದೆ, ಗಡ್ಡೆ ಎಷ್ಟು ಹರಡಿದೆ ಎಂಬುದು ವೈದ್ಯರಿಗೆ ತಿಳಿಯುತ್ತದೆ.

ಸಿ.ಟಿ. ಸ್ಕ್ಯಾನ್‌ಗೂ ಹೃದಯದ ಆಂಜಿಯೋಗ್ರಾಂಗೂ ಬಳಸುವುದು ಈ ಅಯೋಡಿನ್ ಯುಕ್ತ ಔಷಧವನ್ನು. ಎಂ.ಆರ್.ಐ.ಗೆ ಬಳಸುವುದು ಗ್ಯಾಡೊಲಿನಿಯಂ ಎಂಬ ಲೋಹದ ಸಂಯುಕ್ತವನ್ನು. ಇವೆರಡೂ ಬೇರೆ ಬೇರೆ ವರ್ಗದ ಔಷಧಗಳು. ಒಂದಕ್ಕೆ ಅಲರ್ಜಿ ಇದ್ದ ಮಾತ್ರಕ್ಕೆ ಇನ್ನೊಂದಕ್ಕೂ ಇರಬೇಕೆಂದಿಲ್ಲ. ಆದ್ದರಿಂದ ‘ಸ್ಕ್ಯಾನ್ ಇಂಜೆಕ್ಷನ್ ಆಗುವುದಿಲ್ಲ’ ಎಂದು ಹೇಳಿದರೆ ಸಾಲದು, ಯಾವ ಸ್ಕ್ಯಾನ್, ಯಾವ ಔಷಧ ಎಂಬುದನ್ನು ತಿಳಿಸಬೇಕು.

ಅಪಾಯ ಎಷ್ಟು?

ಹಳೆಯ ಅಯೋಡಿನ್ ಔಷಧಗಳು ‘ಅಯಾನಿಕ್’ ಎಂಬ ಬಗೆಯವು. ಅವುಗಳ ಸಾಂದ್ರತೆ ರಕ್ತಕ್ಕಿಂತ ಐದರಿಂದ ಏಳು ಪಟ್ಟು ಹೆಚ್ಚಾಗಿದ್ದುದರಿಂದ ನೋವು, ಉರಿ ಹಾಗೂ ಪ್ರತಿಕ್ರಿಯೆಗಳು ಹೆಚ್ಚಾಗಿದ್ದವು. ಸ್ವೀಡನ್ನಿನ ವೈದ್ಯ ಟೋರ್ಸ್ಟನ್ ಆಲ್ಮೆನ್ 1969ರಲ್ಲಿ ಇದಕ್ಕೆ ಪರಿಹಾರವಾಗಿ ಸಾಂದ್ರತೆ ಕಡಿಮೆಯಿರುವ ‘ನಾನ್-ಅಯಾನಿಕ್’ ಔಷಧದ ಕಲ್ಪನೆಯನ್ನು ಪ್ರಕಟಿಸಿದರು. ಇಂದು ಸಿ.ಟಿ. ಸ್ಕ್ಯಾನ್‌ಗೆ ರಕ್ತನಾಳದ ಮೂಲಕ ಸಾಮಾನ್ಯವಾಗಿ ನೀಡುವುದು ಈ ಎರಡನೆಯ ಬಗೆಯನ್ನು.

ಈ ಬದಲಾವಣೆಯ ಪ್ರಯೋಜನವನ್ನು ಜಪಾನಿನಲ್ಲಿ 3,37,647 ಪ್ರಕರಣಗಳನ್ನು ಪರಿಶೀಲಿಸಿ 1990ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿಕೊಟ್ಟಿತು. ಹಳೆಯ ಔಷಧದಲ್ಲಿ ಎಲ್ಲ ಬಗೆಯ ಪ್ರತಿಕೂಲ ಪ್ರತಿಕ್ರಿಯೆಗಳು ಶೇ. 12.66ರಷ್ಟಿದ್ದರೆ ಹೊಸ ಔಷಧದಲ್ಲಿ ಶೇ. 3.13ರಷ್ಟಿದ್ದವು. ತೀವ್ರ ಪ್ರತಿಕ್ರಿಯೆಗಳು ಶೇ. 0.22ರಿಂದ ಶೇ. 0.04ಕ್ಕೆ ಇಳಿದಿದ್ದವು. ಅಂದರೆ 10,000 ಮಂದಿಯಲ್ಲಿ ಸುಮಾರು 4 ಮಂದಿಗೆ ಮಾತ್ರ ತೀವ್ರ ಪ್ರತಿಕ್ರಿಯೆ.

ಈ ಅಂಕಿಗಳಿಂದ ಎರಡು ಸಂಗತಿಗಳನ್ನು ಗ್ರಹಿಸಬೇಕು. ಮೊದಲನೆಯದು, ಹೆದರಿ ಸ್ಕ್ಯಾನ್ ಬೇಡವೆನ್ನಲು ಇದು ಕಾರಣವಲ್ಲ. ಪತ್ತೆಯಾಗದ ಗಡ್ಡೆ ಅಥವಾ ರಕ್ತಸ್ರಾವದ ಅಪಾಯ ಇದಕ್ಕಿಂತ ಬಹಳ ದೊಡ್ಡದು. ಎರಡನೆಯದು, ಇದು ಎಲ್ಲರ ಸರಾಸರಿ. ಅದೇ ವರ್ಗದ ಔಷಧಕ್ಕೆ ಹಿಂದೊಮ್ಮೆ ಅಲರ್ಜಿಯಾದವರಲ್ಲಿ ಮತ್ತೆ ಆಗುವ ಸಾಧ್ಯತೆ ಸುಮಾರು ಐದು ಪಟ್ಟು ಹೆಚ್ಚು. ಅಸ್ತಮಾ ಅಥವಾ ಇತರ ಅಲರ್ಜಿಗಳಿರುವವರಲ್ಲಿ ಎರಡರಿಂದ ಮೂರು ಪಟ್ಟು ಹೆಚ್ಚು. ಅರ್ಜಿಯಲ್ಲಿ ಆ ಪ್ರಶ್ನೆಯನ್ನು ಕೇಳುವುದು ಇದೇ ಕಾರಣಕ್ಕೆ.

ಯಾವುದು ಅಲರ್ಜಿ, ಯಾವುದು ಅಲ್ಲ?

ಔಷಧ ಒಳಹೋಗುವಾಗ ಮೈ ಬಿಸಿಯಾದಂತೆ, ಬಾಯಿಯಲ್ಲಿ ಲೋಹದ ರುಚಿ ಬಂದಂತೆ, ಮೂತ್ರ ಹೋದಂತೆ ಭಾಸವಾಗುವುದು ಸಾಮಾನ್ಯ. ಇದು ಅಲರ್ಜಿಯಲ್ಲ, ಒಂದೆರಡು ನಿಮಿಷಗಳಲ್ಲಿ ಸರಿಹೋಗುತ್ತದೆ. ಇದನ್ನು ಮೊದಲೇ ತಿಳಿಸಿದರೆ ವೃದ್ಧರೂ ಮಹಿಳೆಯರೂ ಯಂತ್ರದೊಳಗೆ ಗಾಬರಿಗೊಳ್ಳುವುದಿಲ್ಲ. ಸೂಜಿ ಚುಚ್ಚಿದ ಕಡೆ ಔಷಧ ನಾಳದಿಂದ ಹೊರಗೆ ಸೋರಿ ಕೈ ಊದಿಕೊಳ್ಳುವುದೂ ಅಲರ್ಜಿಯಲ್ಲ, ಆದರೆ ಅದನ್ನು ಕೂಡಲೇ ಸಿಬ್ಬಂದಿಗೆ ತಿಳಿಸಬೇಕು.

ಅಲರ್ಜಿಯ ಮಾದರಿಯ ಪ್ರತಿಕ್ರಿಯೆಯಲ್ಲಿ ದೇಹದ ಮಾಸ್ಟ್ ಕೋಶಗಳು ಹಿಸ್ಟಮಿನ್ ಮೊದಲಾದ ರಾಸಾಯನಿಕಗಳನ್ನು ಒಮ್ಮೆಲೇ ಹೊರಚೆಲ್ಲುತ್ತವೆ. ಅದರ ಲಕ್ಷಣಗಳನ್ನು ಮೂರು ಹಂತಗಳಲ್ಲಿ ಗುರುತಿಸಬಹುದು.

1. ಸೌಮ್ಯ: ಅಲ್ಲಲ್ಲಿ ದದ್ದು, ತುರಿಕೆ, ಸೀನು, ಗಂಟಲು ಕೆರೆತ.
2. ಮಧ್ಯಮ: ಮೈಯೆಲ್ಲ ದದ್ದು, ಮುಖದ ಊತ, ಧ್ವನಿ ಒಡೆಯುವುದು, ಸ್ವಲ್ಪ ಉಬ್ಬಸ.
3. ತೀವ್ರ: ಉಸಿರಾಟಕ್ಕೆ ಕಷ್ಟ, ಗಂಟಲು ಕಟ್ಟುವುದು, ನಾಡಿ ವೇಗವಾಗಿ ರಕ್ತದೊತ್ತಡ ಕುಸಿಯುವುದು, ಪ್ರಜ್ಞೆ ತಪ್ಪುವುದು. ಇದಕ್ಕೆ ಅನಾಫಿಲ್ಯಾಕ್ಸಿಸ್ ಎನ್ನುತ್ತಾರೆ.

ಮೊದಲ ಹಂತದಲ್ಲಿ ಆರಂಭವಾದದ್ದು ಮೂರನೆಯದಕ್ಕೆ ನಿಮಿಷಗಳಲ್ಲಿ ಮುಟ್ಟಬಹುದು. ಆದಕಾರಣ ‘ಬರೀ ತುರಿಕೆ’ ಎಂಬ ಮಾತನ್ನು ಯಾರೂ ಆಡಬಾರದು. ನಾನು ಆಡಿದ ಮಾತೇ ಅದು.

ಗ್ರಾಮಗಳಲ್ಲಿ ಪ್ರಚಲಿತವಿರುವ ತಪ್ಪು ಕಲ್ಪನೆಗಳು

‘ಮೀನು, ಸೀಗಡಿ ಆಗದವರಿಗೆ ಈ ಇಂಜೆಕ್ಷನ್ ಆಗುವುದಿಲ್ಲ’ ಎಂಬ ಮಾತು ಬಹಳ ಕಡೆ ಕೇಳಿಬರುತ್ತದೆ. ಸೀಗಡಿಯ ಅಲರ್ಜಿಗೆ ಕಾರಣ ಅದರಲ್ಲಿನ ಪ್ರೋಟೀನೇ ಹೊರತು ಅಯೋಡಿನ್ ಅಲ್ಲ. ಅಯೋಡಿನ್ ನಮ್ಮ ಥೈರಾಯ್ಡ್ ಗ್ರಂಥಿಗೆ ಅಗತ್ಯವಾದ ವಸ್ತು. ನಿತ್ಯ ತಿನ್ನುವ ಉಪ್ಪಿನಲ್ಲಿಯೂ ಅದಿದೆ. ಗಾಯಕ್ಕೆ ಹಚ್ಚುವ ಪೊವಿಡೋನ್ ಅಯೋಡಿನ್‌ನಿಂದ ಚರ್ಮ ಕೆರೆದವರಿಗೂ ಇದೇ ಮಾತು ಅನ್ವಯಿಸುತ್ತದೆ. ಇಂಥವರಿಗೆ ಯಾವುದೇ ಅಲರ್ಜಿ ಇರುವವರಷ್ಟೇ ಅಪಾಯವಿದೆಯೇ ಹೊರತು ವಿಶೇಷ ಅಪಾಯವಿಲ್ಲ. ಅರ್ಜಿಯಲ್ಲಿ ಬರೆಯಬಹುದು, ಆದರೆ ಅದೊಂದೇ ಕಾರಣಕ್ಕೆ ಸ್ಕ್ಯಾನ್ ನಿರಾಕರಿಸಬೇಕಾಗಿಲ್ಲ.

‘ಮೊದಲು ಒಂದು ಹನಿ ಕೊಟ್ಟು ನೋಡಿ, ಆಮೇಲೆ ಪೂರ್ತಿ ಕೊಡಿ’ ಎಂದು ಕೆಲವರು ಒತ್ತಾಯಿಸುತ್ತಾರೆ. ಹೀಗೆ ಕೊಡುವ ಪರೀಕ್ಷಾ ಪ್ರಮಾಣವು ಮುಂದಿನ ಪ್ರತಿಕ್ರಿಯೆಯನ್ನು ನಂಬಬಹುದಾದ ರೀತಿಯಲ್ಲಿ ಸೂಚಿಸುವುದಿಲ್ಲ. ಆ ಹನಿಗೆ ಏನೂ ಆಗಲಿಲ್ಲವೆಂದು ಹಳೆಯ ಅಲರ್ಜಿಯನ್ನು ಮರೆಮಾಡುವಂತಿಲ್ಲ.

‘ಹೋದ ಸಲ ಏನೂ ಆಗಲಿಲ್ಲ, ಈ ಸಲವೂ ಆಗುವುದಿಲ್ಲ’ ಎಂಬುದೂ ಖಚಿತವಲ್ಲ. ಹಿಂದೆ ಸುರಕ್ಷಿತವಾಗಿ ಪಡೆದವರಿಗೂ ಮುಂದೊಮ್ಮೆ ಪ್ರತಿಕ್ರಿಯೆ ಆಗಬಹುದು. ಎಲ್ಲರನ್ನೂ ಅಲ್ಲಿ ಕುಳ್ಳಿರಿಸಿ ಗಮನಿಸುವುದು ಅದಕ್ಕಾಗಿಯೇ.

ಹೇಳಿದರೆ ವೈದ್ಯರು ಏನು ಮಾಡುತ್ತಾರೆ?

ಅಲರ್ಜಿಯ ವಿಷಯ ಹೇಳಿದರೆ ವಾಪಸು ಕಳುಹಿಸುತ್ತಾರೆ ಎಂಬ ಭಯ ನಮ್ಮ ಜನರಲ್ಲಿದೆ. ಒಂದು ದಿನದ ಕೂಲಿ, ವಾಹನದ ಬಾಡಿಗೆ, ಮನೆಯಲ್ಲಿ ದನಕರುಗಳ ಚಿಂತೆ ಇವುಗಳನ್ನು ಬಲ್ಲವರಿಗೆ ಆ ಭಯ ಸಕಾರಣವೆಂದು ತಿಳಿಯುತ್ತದೆ. ಆದರೆ ವೈದ್ಯರ ಬಳಿ ಹಲವು ದಾರಿಗಳಿವೆ. ಕಾಂಟ್ರಾಸ್ಟ್ ಇಲ್ಲದ ಸ್ಕ್ಯಾನ್ ಸಾಕೇ, ಅಲ್ಟ್ರಾಸೌಂಡ್ ಅಥವಾ ಎಂ.ಆರ್.ಐ.ಯಿಂದ ಅದೇ ಉತ್ತರ ದೊರೆಯುವುದೇ ಎಂದು ನೋಡಬಹುದು. ಹಿಂದೆ ಅಲರ್ಜಿಯಾದ ಔಷಧದ ಹೆಸರು ಗೊತ್ತಿದ್ದರೆ ಅದೇ ವರ್ಗದ ಬೇರೊಂದು ಔಷಧವನ್ನು ಆರಿಸಬಹುದು. ಇತ್ತೀಚಿನ ವರ್ಷಗಳಲ್ಲಿ ಹೀಗೆ ಔಷಧ ಬದಲಿಸುವ ಕ್ರಮಕ್ಕೆ ಹೆಚ್ಚಿನ ಒತ್ತು ದೊರೆತಿದೆ. ಅಗತ್ಯವಿದ್ದರೆ ಮುಂಚಿತವಾಗಿ ಸ್ಟೀರಾಯ್ಡ್ ಹಾಗೂ ಅಲರ್ಜಿ ನಿರೋಧಕ ಮಾತ್ರೆಗಳನ್ನು ನೀಡಬಹುದು.

ಇಲ್ಲಿ ಕಾಲದ ಲೆಕ್ಕವನ್ನು ಸದಸ್ಯರು ವಿಶೇಷವಾಗಿ ಗಮನಿಸಬೇಕು. ಸ್ಟೀರಾಯ್ಡ್ ಮಾತ್ರೆ ಕೆಲಸ ಮಾಡಲು ಗಂಟೆಗಳು ಬೇಕು. ಬಳಕೆಯಲ್ಲಿರುವ ಒಂದು ಪ್ರಸಿದ್ಧ ಕ್ರಮದಲ್ಲಿ ಸ್ಕ್ಯಾನಿಗೆ 13 ಗಂಟೆ, 7 ಗಂಟೆ ಹಾಗೂ 1 ಗಂಟೆ ಮೊದಲು ಒಟ್ಟು ಮೂರು ಬಾರಿ ಮಾತ್ರೆ ನೀಡಲಾಗುತ್ತದೆ. ಬೆಳಗ್ಗೆ 10 ಗಂಟೆಗೆ ಸ್ಕ್ಯಾನ್ ಇದ್ದರೆ ಮೊದಲ ಮಾತ್ರೆ ಹಿಂದಿನ ರಾತ್ರಿ 9 ಗಂಟೆಗೇ ಬೀಳಬೇಕು. ಯಂತ್ರದ ಮೇಲೆ ಮಲಗಿದ ಮೇಲೆ ವಿಷಯ ಹೇಳಿದರೆ ಆ ದಿನದ ಸ್ಕ್ಯಾನ್ ಮುಂದಕ್ಕೆ ಹೋಗುವ ಸಾಧ್ಯತೆ ನಿಜಕ್ಕೂ ಹೆಚ್ಚು. ದಿನಾಂಕ ಗೊತ್ತುಮಾಡುವಾಗಲೇ ಹೇಳಿದರೆ ಎಲ್ಲವನ್ನೂ ಹೊಂದಿಸಿಕೊಳ್ಳಬಹುದು. ಹೀಗೆ ಮರೆಮಾಡುವುದರಿಂದ ಉಳಿಯುತ್ತದೆಂದು ಭಾವಿಸಿದ ದಿನವು ಮೊದಲೇ ಹೇಳುವುದರಿಂದಲೇ ಉಳಿಯುತ್ತದೆ.

ಈ ಮಾತ್ರೆಗಳು ಅಪಾಯವನ್ನು ತಗ್ಗಿಸುತ್ತವೆಯೇ ಹೊರತು ಪೂರ್ಣವಾಗಿ ಇಲ್ಲವಾಗಿಸುವುದಿಲ್ಲ. ಮಧುಮೇಹಿಗಳಲ್ಲಿ ಸಕ್ಕರೆ ಪ್ರಮಾಣವನ್ನು ಏರಿಸುತ್ತವೆ. ಆದ್ದರಿಂದ ವೈದ್ಯರ ಸೂಚನೆಯಿಲ್ಲದೆ ಅಂಗಡಿಯಿಂದ ತಂದು ನುಂಗಿಸತಕ್ಕದ್ದಲ್ಲ. ಪ್ರಾಣಾಪಾಯದ ತುರ್ತು ಸಂದರ್ಭದಲ್ಲಿ ಕಾಯಲು ಸಮಯವಿಲ್ಲದಿದ್ದರೆ ಯಾವುದು ಹೆಚ್ಚು ಅಪಾಯ ಎಂಬುದನ್ನು ವೈದ್ಯರೇ ತೂಗಿ ನಿರ್ಧರಿಸುತ್ತಾರೆ. ಆಗಲೂ ಅವರಿಗೆ ನಿಜ ತಿಳಿದಿರಬೇಕು.

ಪ್ರತಿಕ್ರಿಯೆ ಕಾಣಿಸಿಕೊಂಡರೆ

ತೀವ್ರ ಪ್ರತಿಕ್ರಿಯೆಗಳಲ್ಲಿ ಬಹುಪಾಲು ಮೊದಲ 20 ನಿಮಿಷಗಳಲ್ಲಿ ಆರಂಭವಾಗುತ್ತವೆ. ಅದಕ್ಕಾಗಿ ಔಷಧ ಪಡೆದವರು ಸುಮಾರು 30 ನಿಮಿಷ ಅಲ್ಲಿಯೇ ಇರಬೇಕೆಂದು ಸೂಚಿಸಲಾಗುತ್ತದೆ. 2021ರಲ್ಲಿ ಕೋವಿಡ್ ಲಸಿಕೆ ಹಾಕಿದ ಮೇಲೆ ಅರ್ಧ ಗಂಟೆ ಕುಳ್ಳಿರಿಸುತ್ತಿದ್ದುದು ಸದಸ್ಯರಿಗೆ ನೆನಪಿರಬಹುದು. ಕಾರಣ ಎರಡಕ್ಕೂ ಒಂದೇ. ಬಸ್ಸು ತಪ್ಪುತ್ತದೆಂದು ಆ ಅರ್ಧ ಗಂಟೆಯನ್ನು ಕಡಿತಗೊಳಿಸಬಾರದು. ಕೈಯಲ್ಲಿನ ಸೂಜಿನಳಿಕೆಯನ್ನು ಬೇಗ ತೆಗೆಯಿರಿ ಎಂದು ಅವಸರಪಡಿಸಲೂಬಾರದು, ಏಕೆಂದರೆ ತುರ್ತಿನಲ್ಲಿ ದ್ರವ ಹಾಗೂ ಔಷಧ ನೀಡಲು ಅದೇ ದಾರಿ.

ಅನಾಫಿಲ್ಯಾಕ್ಸಿಸ್‌ಗೆ ಮೊದಲ ಮದ್ದು ಅಡ್ರಿನಲಿನ್. ವಯಸ್ಕರಿಗೆ ಸಾಮಾನ್ಯವಾಗಿ 0.5 ಮಿಲಿಗ್ರಾಂನಷ್ಟನ್ನು ತೊಡೆಯ ಹೊರಭಾಗದ ಸ್ನಾಯುವಿಗೆ ನೀಡಲಾಗುತ್ತದೆ. ಗುಣ ಕಾಣದಿದ್ದರೆ 5ರಿಂದ 15 ನಿಮಿಷಗಳ ಅಂತರದಲ್ಲಿ ಮತ್ತೆ ಕೊಡುತ್ತಾರೆ. ಅದು ಹಿಗ್ಗಿದ ರಕ್ತನಾಳಗಳನ್ನು ಬಿಗಿಗೊಳಿಸಿ ರಕ್ತದೊತ್ತಡವನ್ನು ಮೇಲಕ್ಕೆತ್ತುತ್ತದೆ, ಮುಚ್ಚುತ್ತಿರುವ ಶ್ವಾಸನಾಳಗಳನ್ನು ತೆರೆಯುತ್ತದೆ. ಅಲರ್ಜಿ ನಿರೋಧಕ ಮಾತ್ರೆಗಳೂ ಸ್ಟೀರಾಯ್ಡೂ ಅದರ ಸ್ಥಾನವನ್ನು ತುಂಬಲಾರವು. ಇದನ್ನು ನೀಡುವುದು ತರಬೇತಿ ಪಡೆದ ಸಿಬ್ಬಂದಿಯ ಕೆಲಸ. ಜೊತೆಗಿರುವವರ ಕೆಲಸವು ಕೆಳಕಂಡಂತಿದೆ.

1. ತುರಿಕೆ, ಕೆಮ್ಮು, ಧ್ವನಿಯ ಬದಲಾವಣೆ, ತಲೆಸುತ್ತು ಇವುಗಳಲ್ಲಿ ಯಾವುದೇ ಕಂಡರೂ ಕೂಡಲೇ ಸಿಬ್ಬಂದಿಯನ್ನು ಕೂಗಿ ಕರೆಯುವುದು. ಸಂಕೋಚ ಬೇಡ.
2. ರೋಗಿಯನ್ನು ನಿಲ್ಲಿಸದಿರುವುದು, ನಡೆಸದಿರುವುದು. ಅಂಗಾತ ಮಲಗಿಸಿ ಕಾಲುಗಳನ್ನು ಎತ್ತರಿಸುವುದು. ಉಸಿರಾಟಕ್ಕೆ ಕಷ್ಟವಿದ್ದರೆ ಕಾಲು ಚಾಚಿ ಕೂರಿಸುವುದು. ವಾಂತಿಯಾಗುತ್ತಿದ್ದರೆ ಅಥವಾ ಪ್ರಜ್ಞೆ ತಪ್ಪಿದ್ದರೆ ಒಂದು ಮಗ್ಗುಲಿಗೆ ಮಲಗಿಸುವುದು.
3. ಬಾಯಿಗೆ ನೀರು, ಸೋಡಾ, ಮಾತ್ರೆ ಏನನ್ನೂ ಹಾಕದಿರುವುದು.
4. ರಕ್ತದೊತ್ತಡ ಅಥವಾ ಹೃದಯಕ್ಕೆ ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಚೀಟಿಯನ್ನು ವೈದ್ಯರಿಗೆ ತೋರಿಸುವುದು. ಬೀಟಾ ಬ್ಲಾಕರ್ ಎಂಬ ಬಗೆಯ ಮಾತ್ರೆ ಸೇವಿಸುವವರಲ್ಲಿ ಅಡ್ರಿನಲಿನ್‌ನ ಪರಿಣಾಮ ಕುಗ್ಗಬಹುದು.

ಕೆಲವರಲ್ಲಿ ಚರ್ಮದ ದದ್ದು ಒಂದು ಗಂಟೆಯ ನಂತರದಿಂದ ಒಂದು ವಾರದೊಳಗೆ ತಡವಾಗಿ ಕಾಣಿಸಿಕೊಳ್ಳುತ್ತದೆ. ಬಹುಪಾಲು ತಾನೇ ಕಡಿಮೆಯಾಗುತ್ತದೆ, ಆದರೂ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೋರಿಸಿ ದಾಖಲಿಸಬೇಕು. ಜ್ವರ, ಬಾಯಿಹುಣ್ಣು, ಚರ್ಮ ಸುಲಿಯುವುದು ಕಂಡರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಮನೆಗೆ ಬಂದ ಮೇಲೆ ಉಸಿರಾಟದ ತೊಂದರೆ ಅಥವಾ ಮುಖದ ಊತ ಕಂಡರೆ 108ಕ್ಕೆ ಕರೆ ಮಾಡಬೇಕು.

ಚೀಟಿಯೇ ರಕ್ಷಣೆ

ಅಲರ್ಜಿಯಾದ ಪ್ರತಿಯೊಬ್ಬರ ಬಳಿ ಒಂದು ಲಿಖಿತ ದಾಖಲೆ ಇರಬೇಕು. ಬಿಡುಗಡೆಯ ಮುನ್ನ ವೈದ್ಯರಿಂದ ಈ ಆರು ಅಂಶಗಳನ್ನು ಬರೆಸಿಕೊಳ್ಳಬೇಕು: ಸ್ಕ್ಯಾನ್ ಯಾವುದು ಮತ್ತು ಯಾವ ದಿನ, ಔಷಧದ ಪೂರ್ಣ ಹೆಸರು, ಉದಾಹರಣೆಗೆ ಅಯೋಹೆಕ್ಸಾಲ್, ಕೊಟ್ಟ ಪ್ರಮಾಣ, ಎಷ್ಟು ನಿಮಿಷಗಳಲ್ಲಿ ಲಕ್ಷಣ ಆರಂಭವಾಯಿತು, ಯಾವ ಲಕ್ಷಣಗಳು, ಯಾವ ಚಿಕಿತ್ಸೆಯಿಂದ ಗುಣವಾಯಿತು. ‘ಅಯೋಡಿನ್ ಅಲರ್ಜಿ’ ಎಂದಷ್ಟೇ ಬರೆದರೆ ಮುಂದಿನ ವೈದ್ಯರಿಗೆ ಬದಲಿ ಔಷಧ ಆರಿಸಲು ಆಧಾರ ದೊರೆಯುವುದಿಲ್ಲ.

ಈ ಚೀಟಿಯ ನಕಲನ್ನು ಆಯುಷ್ಮಾನ್ ಕಾರ್ಡಿನೊಡನೆ ಇಡುವುದು ಅನುಕೂಲ, ಏಕೆಂದರೆ ಆಸ್ಪತ್ರೆಗೆ ಹೊರಟಾಗ ಮನೆಯವರು ಮರೆಯದೆ ಒಯ್ಯುವುದು ಆ ಕಾರ್ಡನ್ನು. ಮೊಬೈಲಿನಲ್ಲಿ ಒಂದು ಚಿತ್ರ ತೆಗೆದಿಡಬಹುದು. 14 ಅಂಕಿಗಳ ಆಭಾ ಸಂಖ್ಯೆ ಹೊಂದಿರುವವರು ಅದಕ್ಕೆ ದಾಖಲೆಗಳನ್ನು ಜೋಡಿಸಿಕೊಳ್ಳಬಹುದು. ಔಷಧದ ಪ್ರತಿಕೂಲ ಪರಿಣಾಮವನ್ನು ಭಾರತೀಯ ಔಷಧ ಜಾಗರೂಕತಾ ಕಾರ್ಯಕ್ರಮದ ಶುಲ್ಕರಹಿತ ದೂರವಾಣಿ 1800-180-3024ಕ್ಕೆ ರೋಗಿಯ ಕಡೆಯವರೂ ತಿಳಿಸಬಹುದು.

ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಾಡಬಹುದಾದದ್ದು

1. ಗ್ರಾಮ ಆರೋಗ್ಯ, ನೈರ್ಮಲ್ಯ ಹಾಗೂ ಪೌಷ್ಟಿಕ ಸಮಿತಿಯ ಒಂದು ಸಭೆಯಲ್ಲಿ ಈ ವಿಷಯವನ್ನು ಚರ್ಚೆಗೆ ತೆಗೆದುಕೊಳ್ಳುವುದು.
2. ಯಾವುದೇ ಔಷಧದ ಅಲರ್ಜಿ ಇರುವವರು ತಮ್ಮ ಚೀಟಿಯನ್ನು ಕಾಪಾಡಿಕೊಳ್ಳುವಂತೆ ಆಶಾ ಕಾರ್ಯಕರ್ತೆಯರ ಮೂಲಕ ತಿಳಿವಳಿಕೆ ನೀಡುವುದು. ಅಂಥವರ ಹೆಸರುಗಳನ್ನು ಪಟ್ಟಿ ಮಾಡಿ ಫಲಕಕ್ಕೆ ಹಾಕತಕ್ಕದ್ದಲ್ಲ. ಆರೋಗ್ಯದ ಮಾಹಿತಿ ಅವರ ಸ್ವಂತದ್ದು.
3. ಸ್ಕ್ಯಾನಿಂಗ್‌ಗೆ ಹೊರಡುವವರನ್ನು ಈ ಐದು ಪ್ರಶ್ನೆಗಳನ್ನು ಕೇಳುವುದು: ಹಿಂದೆ ಸ್ಕ್ಯಾನ್ ಔಷಧದಿಂದ ತೊಂದರೆಯಾಗಿತ್ತೇ? ಅಸ್ತಮಾ ಅಥವಾ ಬೇರೆ ಅಲರ್ಜಿ ಇದೆಯೇ? ಮೂತ್ರಪಿಂಡದ ಕಾಯಿಲೆ ಇದೆಯೇ? ಮಧುಮೇಹಕ್ಕೆ ಮೆಟ್‌ಫಾರ್ಮಿನ್ ಮಾತ್ರೆ ಸೇವಿಸುತ್ತಿದ್ದಾರೆಯೇ? ಗರ್ಭಿಣಿಯೇ? ಕೊನೆಯ ಮೂರು ಅಲರ್ಜಿಗೆ ಸಂಬಂಧಿಸಿದವಲ್ಲವಾದರೂ ವೈದ್ಯರಿಗೆ ತಿಳಿದಿರಬೇಕಾದವು.
4. ಒಪ್ಪಿಗೆ ಪತ್ರವನ್ನು ರೋಗಿಗೆ ಕನ್ನಡದಲ್ಲಿ ಓದಿ ಹೇಳಿ, ಅವರ ಉತ್ತರವನ್ನೇ ಬರೆಯುವುದು. ಅರ್ಥವಾಗದ ಪ್ರಶ್ನೆಯಿದ್ದರೆ ಸಿಬ್ಬಂದಿಯನ್ನು ಕೇಳುವುದು. ಸಂಶಯಗಳಿಗೆ ಆರೋಗ್ಯವಾಣಿ 104ಕ್ಕೂ ಕರೆ ಮಾಡಬಹುದು.

ಈಗ ನನ್ನ ತಾಯಿಯವರ ಕಾರ್ಡಿನೊಡನೆ ಮಡಿಚಿದ ಒಂದು ಹಾಳೆ ಇದೆ. ಮೊನ್ನೆ ಕಣ್ಣಿನ ತಪಾಸಣೆಗೆ ಹೋದಾಗಲೂ ಅವರು ಯಾರೂ ಕೇಳುವ ಮೊದಲೇ ಅದನ್ನು ಮೇಜಿನ ಮೇಲಿಟ್ಟರು. ಅಲ್ಲಿನ ವೈದ್ಯರು ಓದಿ ನೋಡಿ, ‘ಇದನ್ನು ಹೀಗೆಯೇ ಎಲ್ಲ ಕಡೆಯೂ ತೋರಿಸಿ ಅಮ್ಮ’ ಎಂದರು.

ಸದಸ್ಯರು ತಮ್ಮ ವಾರ್ಡಿನಲ್ಲಿ ಹಿಂದೆ ಸ್ಕ್ಯಾನ್ ಮಾಡಿಸಿದವರ ಮನೆಗಳಿಗೆ ಭೇಟಿ ನೀಡಿದಾಗ ಅಂಥ ಚೀಟಿಯೊಂದು ಟ್ರಂಕಿನಲ್ಲೋ ಗೂಡಿನಲ್ಲೋ ಉಳಿದಿದೆಯೇ ಎಂದು ವಿಚಾರಿಸಿ, ಇದ್ದಲ್ಲಿ ಅದನ್ನು ಕಾರ್ಡಿನೊಡನೆ ಇರಿಸುವಂತೆ ತಿಳಿಸಬೇಕೆಂದು ಕೋರುತ್ತೇನೆ.

ಪಂಚಾಯಿತಿ ಅಭಿವೃದ್ಧಿ ಅಧಿಕಾರಿ